ಬಾವಿಯಲ್ಲೊಂದು ಖಾಲಿ ಹುದ್ದೆ

ಅಷ್ಟೆಲ್ಲಾ ರಾದ್ಧಾಂತಕ್ಕೆ ಕಾರಣ ಇಷ್ಟೇ: ಕೊಡಲಿಯಣ್ಣ ತನಗೆ ಸಂಬಳ ಸಾಲದು ಅಂತ ಗೊಣಗಿದ್ದು.

ಬೆಳಿಗ್ಗೆ ಬಣ್ಣ ಹಚ್ಚುವ ಕೋಣೆಯಲ್ಲಿ ಕನ್ನಡಿ ಮುಂದೆ ಕೂತು, ಹಣೆಯಿಂದ ಗದ್ದದವರೆಗೆ ಕೆಂಪು ಬಳಿದುಕೊಳ್ಳುತ್ತಾ ಅವನು ಹೇಳಿದ: “ತಿಂಗಳಿಗೆ ಬರೀ ಹದಿನೆಂಟು ಸಾವಿರ. ಇದರಲ್ಲಿ ಮನುಷ್ಯ ಬದುಕೋದು ಹೇಗೆ? ವೇಷ ಹಾಕೋದೇ ಬೇಡ, ಈ ಸಂಬಳದಲ್ಲಿ ಇನ್ನೊಂದು ವರ್ಷ ಇದ್ರೆ ನಾನು ನಿಜವಾಗ್ಲೂ ದೆವ್ವ ಆಗ್ತೀನಿ.”

ಯಾರಾದರೂ ‘ಅಯ್ಯೋ ಪಾಪ’ ಅನ್ನಬಹುದು ಅಂತ ಅವನು ಕಾದ. ಪಕ್ಕದಲ್ಲಿ ಮುಖಕ್ಕೆ ಬಿಳಿ ಹಿಟ್ಟು ಮೆತ್ತಿಕೊಳ್ಳುತ್ತಿದ್ದ ಮೂವರು ಹೆಂಗಸರ ಕೈ ಅಲ್ಲಲ್ಲೇ ನಿಂತುಬಿಟ್ಟವು. ಅವರ ಸಂಬಳ ಹನ್ನೊಂದು.

ಅದೊಂದು ಭೂತಬಂಗಲೆ. ಮನರಂಜನಾ ಪಾರ್ಕಿನ ತೀರಾ ಹಿಂದಿನ ಮೂಲೆಯಲ್ಲಿ, ದೈತ್ಯ ಚಕ್ರದ ನೆರಳು ಬೀಳುವ ಕಡೆ ಇತ್ತು. ಯಾರೂ ಬಾಡಿಗೆಗೆ ಬರದೆ ಪಾಳು ಬಿದ್ದಿದ್ದ ಹಳೇ ಕಲ್ಲಿನ ಮನೆಯನ್ನು ಯಜಮಾನರು ಮೂರು ಕಾಸಿಗೆ ಕೊಂಡು, ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದು, ಒಳಗೆ ಹಳಿ ಹಾಸಿ, ನಾಲ್ಕು ಜನ ಕೂರುವ ಒಂದು ಗಾಡಿ ಬಿಟ್ಟಿದ್ದರು. ಟಿಕೆಟ್ ಕೊಂಡು ಗಾಡಿಯಲ್ಲಿ ಕೂತರೆ ಅದು ಕತ್ತಲಲ್ಲಿ ಕಿರುಗುಟ್ಟುತ್ತಾ ಹೋಗುತ್ತಿತ್ತು. ಮೊದಲ ತಿರುವಿನಲ್ಲಿ ಗಾಜಿಗೆ ಮುಖ ಒತ್ತಿಕೊಂಡು ನಿಂತ ಹುಡುಗಿ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ‘ಕಿಟಕಿ’ ಅಂತ. ಆಮೇಲೆ ಖಾಲಿ ತೊಟ್ಟಿಲು ತೂಗುವ ತೊಟ್ಟಿಲಜ್ಜಿ. ಆಮೇಲೆ ಕೊಡಲಿ ಎತ್ತಿಕೊಂಡು ಅಟ್ಟಿಸಿಕೊಂಡು ಬರುವ ಕೊಡಲಿಯಣ್ಣ. ಕೊನೆಗೆ ಒಳ ಅಂಗಳದ ಬಾವಿ.

ಬಾವಿ ಮಾತ್ರ ವೇಷವಲ್ಲ, ನಿಜವಾದದ್ದು. ಅದರ ತಳ ಕಂಡವರಿಲ್ಲ. ಕಟ್ಟೆಯಿಂದ ಎದೆಮಟ್ಟ ಕೆಳಗೆ ಅಡ್ಡಕ್ಕೆ ಎರಡು ಹಲಗೆ ಬಿಗಿದಿದ್ದರು. ಬಾವಿಯಕ್ಕ ಅದರ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದು, ಗಾಡಿ ಬಂದಾಗ ಕೂದಲು ಕೆದರಿಕೊಂಡು ಮೆಲ್ಲಗೆ ಮೇಲೇಳಬೇಕು. ಧೈರ್ಯದ ಗಂಡಸರೂ ಅಲ್ಲಿ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿದ್ದರು. ಜನ ಟಿಕೆಟ್ ಕೊಳ್ಳುತ್ತಿದ್ದದ್ದೇ ಆ ಬಾವಿಗಾಗಿ.

ಇದಕ್ಕೆಲ್ಲ ಒಬ್ಬ ಮೇಲ್ವಿಚಾರಕನಿದ್ದ. ಅಡ್ಡಹೆಸರು ‘ನೋಡೋಣ’. ಕೆಟ್ಟವನಲ್ಲ. ಯಾರು ಏನು ಕೇಳಿದರೂ ಇಲ್ಲ ಅನ್ನುತ್ತಿರಲಿಲ್ಲ; ‘ನೋಡೋಣ’ ಅನ್ನುತ್ತಿದ್ದ. ಕೂರಲು ಒಂದು ಬೆಂಚು ಕೊಡಿ ಅಂದರೆ ನೋಡೋಣ. ಊಟಕ್ಕೆ ಅರ್ಧ ಗಂಟೆ ಬಿಡುವು ಕೊಡಿ ಅಂದರೆ ನೋಡೋಣ. ರಜೆ ಕೊಡಿ ಅಂದರೆ ನೋಡೋಣ. ಕತ್ತಲಲ್ಲಿ ಗಿರಾಕಿಗಳು ಕೆನ್ನೆ ಚಿವುಟ್ತಾರೆ, ಕೂದಲು ಜಗ್ಗುತ್ತಾರೆ, ಒಂದು ಬೋರ್ಡಾದ್ರೂ ಹಾಕಿಸಿ ಅಂದರೆ, ಅದನ್ನೂ ನೋಡೋಣ. ಹೀಗೆ ನೋಡುತ್ತಾ ನೋಡುತ್ತಾ ಐದು ವರ್ಷ ಆಗಿತ್ತು.

ಆ ಬೆಳಿಗ್ಗೆ ಮೂರು ಬಿಳಿ ಮುಖಗಳು ಅವನ ಮೇಜಿನ ಸುತ್ತ ನಿಂತವು.

“ಅವನಿಗೆ ಹದಿನೆಂಟು, ನಮಗೆ ಹನ್ನೊಂದು. ಯಾಕೆ ಸಾರ್?” ಬಾವಿಯಕ್ಕ ಕೇಳಿದಳು.

ನೋಡೋಣ ಕೊಡಲಿಯಣ್ಣನನ್ನು ಸುಟ್ಟುಬಿಡುವ ಹಾಗೆ ನೋಡಿದ. “ಅದು... ಅವನು ಕೊಡಲಿ ಎತ್ತಬೇಕಲ್ಲಮ್ಮ. ಭಾರ.”

ಬಾವಿಯಕ್ಕ ಕೊಡಲಿಯನ್ನು ಕಿತ್ತುಕೊಂಡು ಕಿರುಬೆರಳ ಮೇಲೆ ನಿಲ್ಲಿಸಿ ತೋರಿಸಿದಳು. ಅದು ಥರ್ಮಾಕೋಲಿನದು.

“ಅವನು ಓಡಬೇಕು.”

“ನಾನು ಇಡೀ ದಿನ ಬಾವಿಯಿಂದ ಏಳ್ತಾ ಕೂರ್ತಾ ಇರಬೇಕು. ಒಂದು ದಿನ ನೀವು ಎದ್ದು ಕೂತು ನೋಡಿ, ಮಂಡಿ ಏನು ಮಾತಾಡುತ್ತೆ ಅಂತ.”

“ಅವನಿಗೆ ಸಂಸಾರ ಇದೆ!”

“ಎಲ್ಲಿದೆ ಸಾರ್? ಹೆಣ್ಣು ಸಿಕ್ತಿಲ್ಲ ಅಂತ ದಿನಾ ನಮ್ಮ ಹತ್ರಾನೇ ಅಳ್ತಾನೆ,” ಅಂದಳು ಕಿಟಕಿ.

ತೊಟ್ಟಿಲಜ್ಜಿ ಮೆತ್ತಗೆ ಕೇಳಿದಳು: “ಬದುಕಿರೋವಾಗ ಗಂಡಸಿಗೆ ಜಾಸ್ತಿ, ಹೆಂಗಸಿಗೆ ಕಮ್ಮಿ ಅನ್ನೋದನ್ನ ಕಂಡು ಕಂಡು ಸಾಕಾಗಿದೆ ಮಗಾ. ಸತ್ತ ಮೇಲೂ ಅದೇನಾ?”

ನೋಡೋಣ ಕೆರೆದುಕೊಳ್ಳಲು ತಲೆಗೆ ಕೈ ಹಾಕಿ, “ನೋಡೋಣ,” ಅಂದ.

“ನೋಡ್ತಾ ಇರಿ,” ಅಂದಳು ಬಾವಿಯಕ್ಕ. ಮೂವರೂ ಬಿಳಿ ನಿಲುವಂಗಿ ಎತ್ತಿ ಹಿಡಿದು, ಕೆದರಿದ ಕೂದಲಲ್ಲೇ ಹೊರಗೆ ನಡೆದು, ಗೇಟಿನ ಪಕ್ಕ ಬಿಸಿಲಲ್ಲಿ ಸಾಲಾಗಿ ಕೂತುಬಿಟ್ಟರು.

ಸರಿಯಾಗಿ ಆಗಲೇ ಯಜಮಾನರ ಫೋನು.

“ಏನಯ್ಯಾ, ಇವತ್ತು ಮಧ್ಯಾಹ್ನ ಬಂಗಲೆ ನೋಡೋಕೆ ದೊಡ್ಡ ಪಾರ್ಟಿ ಕರ್ಕೊಂಡು ಬರ್ತಿದ್ದೀನಿ. ಅವರು ಒಪ್ಪಿದ್ರೆ ಇಂಥವೇ ಹತ್ತು ಬಂಗಲೆ. ಹತ್ತಕ್ಕೂ ನೀನೇ ಮ್ಯಾನೇಜರ್. ಎಲ್ಲ ಸರಿಯಾಗಿದೆ ತಾನೇ?”

ನೋಡೋಣ ಬಾಗಿಲಿನಿಂದ ಹೊರಗೆ ನೋಡಿದ. ಮೂರು ದೆವ್ವಗಳು ಸಾಲಾಗಿ ಕೂತು ಸೌತೆಕಾಯಿ ತಿನ್ನುತ್ತಿದ್ದವು. “ಎಲ್ಲ ಸರಿಯಾಗಿದೆ ಸಾರ್,” ಅಂದ.

ಅವನು ಫೋನಿಡುವಾಗ ಬಂಗಲೆಯ ಒಳಗಿಂದ, ಬಾವಿಯ ಕಡೆಯಿಂದ, ಹೆಂಗಸೊಬ್ಬಳು ಬಿಕ್ಕುವ ಸದ್ದು ಕೇಳಿಸಿತು. ಅವನಿಗೆ ಜೀವ ಬಂದಂತಾಯಿತು. “ಸದ್ಯ, ಸೌಂಡ್ ಮೆಷಿನ್ ಆದ್ರೂ ಕೆಲಸ ಮಾಡ್ತಿದೆ.”

ಕೊಡಲಿಯಣ್ಣ ಹುಬ್ಬು ಗಂಟಿಕ್ಕಿದ. “ಮೆಷಿನ್ ಕೆಟ್ಟು ಯಾವ ಕಾಲ ಆಯ್ತು ಸಾರ್. ನೋಡೋಣ ಅಂದಿದ್ರಿ.”

ಆದರೆ ಅದನ್ನು ಕೇಳಿಸಿಕೊಳ್ಳುವ ಪುರುಸೊತ್ತು ಅವನಿಗಿರಲಿಲ್ಲ. ದೈತ್ಯ ಚಕ್ರ ತಿರುಗಿಸುವವನು ವಿಷಯ ಗೊತ್ತಾಗಿ, ಕರೆಯದಿದ್ದರೂ ಬಂದು ನಿಂತಿದ್ದ. ಪಾರ್ಕಿನಲ್ಲಿ ಯಾರ ಮನೆಯ ದೋಸ್ತಿ, ಜಗಳ, ಸಾಲ ಏನೇ ಇದ್ದರೂ ಅವನಿಗೆ ಮೇಲಿಂದ ಕಾಣುತ್ತದೆ ಅಂತ ಪ್ರತೀತಿ. “ಹೆಂಗಸರು ಮಾಡೋ ಕೆಲಸ ಏನು ಮಹಾ ಸಾರ್? ಕೂದಲು ಕೆದರ್ಕೊಂಡು ಏಳೋದು ತಾನೇ? ಕೊಡಿ ಇಲ್ಲಿ,” ಅಂತ ವಿಗ್ ಏರಿಸಿಕೊಂಡು ಒಳಗೆ ಹೋದ.

ಹೋದಷ್ಟೇ ಬೇಗ ಹೊರಗೆ ಬಂದ. ಹಿಟ್ಟು ಬಳಿಯದೆಯೇ ಅವನ ಮುಖ ಬೆಳ್ಳಗಾಗಿತ್ತು.

“ಏನಯ್ಯಾ?”

“ಕತ್ತಲಲ್ಲಿ ಯಾರೋ ನನ್ನ ಕಾಲು ಪಕ್ಕಕ್ಕೆ ಸರಿಸಿದ್ರು ಸಾರ್. ತಣ್ಣನೆ ಕೈ. ‘ಅಣ್ಣಾ, ಇದು ನನ್ನ ಜಾಗ’ ಅಂದ್ರು.” ಅವನು ವಿಗ್ಗನ್ನು ಮೇಜಿನ ಮೇಲಿಟ್ಟು, “ನನಗೆ ಚಕ್ರದ ಹತ್ರ ಕೆಲಸ ಇದೆ,” ಅಂತ ಓಡಿದ. ಅವತ್ತು ಪೂರ್ತಿ ಅವನು ಚಕ್ರದ ತುತ್ತತುದಿಯ ತೊಟ್ಟಿಲಲ್ಲೇ ಕೂತಿದ್ದ ಅಂತ ಆಮೇಲೆ ಗೊತ್ತಾಯಿತು.

ನೋಡೋಣ ಇದನ್ನು ನಂಬಲಿಲ್ಲ. ಮೈಗಳ್ಳರು ಹೀಗೇ ಕತೆ ಕಟ್ಟುತ್ತಾರೆ. ಅವನು ಒಂದು ಪೊರಕೆಗೆ ಬಿಳಿ ಅಂಗಿ ತೊಡಿಸಿ, ತುದಿಗೆ ಮುಖವಾಡ ಕಟ್ಟಿ ಬಾವಿಯಲ್ಲಿ ನಿಲ್ಲಿಸಿದ. ಮೊದಲ ಗಾಡಿಯವರು ನಗುತ್ತಾ ಹೊರಬಂದರು. ಎರಡನೆಯವರು ಬೈಯುತ್ತಾ ಬಂದರು. ಮೂರನೆಯವರು ಟಿಕೆಟ್ ಕಿಟಕಿಗೆ ಮುತ್ತಿಗೆ ಹಾಕಿ ದುಡ್ಡು ವಾಪಸ್ ಕೇಳಿದರು.

ಟಿಕೆಟ್ ಕಿಟಕಿಯಲ್ಲಿ ಕೂತಿದ್ದವಳು ನೋಡೋಣನ ಹೆಂಡತಿಯೇ. ಬೈಗುಳವೆಲ್ಲ ಮೊದಲು ಅವಳ ತಲೆ ಮೇಲೆ ಬಿತ್ತು.

“ಏನ್ರೀ ಇದು? ಕಸ ಗುಡಿಸೋ ಪೊರಕೆ ತೋರಿಸಿ ದೆವ್ವ ಅಂತೀರಾ?”

“ಬಾರೇ, ನೀನಾದ್ರೂ ಬಾವೀಲಿ ಕೂತ್ಕೋ. ನಿನ್ನ ಕಂಡ್ರೆ...” ನಾಲಿಗೆ ಕಚ್ಚಿಕೊಂಡ. “ಮರ್ಯಾದೆ ಉಳಿಸು.”

“ಕೂತ್ಕೋತೀನಿ. ಎಷ್ಟು ಕೊಡ್ತೀರಾ?”

“ನಿನಗೆ ಎಂಥ ಸಂಬಳವೇ? ನೀನು ಮನೆಯವಳಲ್ವಾ?”

“ಮನೆ ಮನೇಲಿದೆ. ಇದು ಟಿಕೆಟ್ ಕಿಟಕಿ.” ಅವಳು ಕಣ್ಣು ಕಿರಿದು ಮಾಡಿ ಗಂಡನನ್ನು ನೋಡಿದಳು, ಮೊದಲ ಸಲ ನೋಡುವವಳ ಹಾಗೆ. “ಹೌದಲ್ಲ? ಇಷ್ಟು ವರ್ಷದಿಂದ ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲಿ ಕೂತಿದ್ದೀನಿ, ನನಗೆ ಎಷ್ಟು ಬರುತ್ತೆ ಅಂತ ನಾನು ಕೇಳೇ ಇಲ್ಲ. ಎಷ್ಟು ಬರುತ್ತೆ ರೀ?”

ಅವಳು ಧಡಾರನೆ ಕಿಟಕಿ ಮುಚ್ಚಿ, ಬೀಗ ಜಡಿದು, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಬಿಳಿ ಅಂಗಿಗಳ ಸಾಲಿನಲ್ಲಿ ನಾಲ್ಕನೆಯವಳಾಗಿ ಹೋಗಿ ಕೂತಳು. ಬಾವಿಯಕ್ಕ ಅವಳಿಗೂ ಒಂದು ಸೌತೆಕಾಯಿ ಹೋಳು ಕೊಟ್ಟಳು.

ಇನ್ನು ಉಳಿದವನು ಕೊಡಲಿಯಣ್ಣ ಒಬ್ಬನೇ. “ನಾನು ಹೋಗಲ್ಲ ಸಾರ್, ಬಿಸಿಲಲ್ಲಿ ನನ್ನ ಬಣ್ಣ ಕರಗುತ್ತೆ,” ಅಂದ. ಅವನೇ ಟಿಕೆಟ್ ಹರಿಯಬೇಕು, ಅವನೇ ಗಾಡಿ ಬಿಡಬೇಕು, ಆಮೇಲೆ ಅಡ್ಡದಾರಿಯಲ್ಲಿ ಓಡಿಹೋಗಿ ಕೊಡಲಿ ಎತ್ತಬೇಕು ಅಂತ ತೀರ್ಮಾನವಾಯಿತು. ಬಾವಿಗೆ ಯಾರು? ನೋಡೋಣ ಒಂದು ನಿಟ್ಟುಸಿರು ಬಿಟ್ಟು, ಮೀಸೆಯ ಮೇಲೆ ಹಿಟ್ಟು ಮೆತ್ತಿಕೊಂಡು, ವಿಗ್ ಹಾಕಿಕೊಂಡು, ನಿಲುವಂಗಿಯ ಅಂಚು ತುಳಿದು ಎರಡು ಸಲ ಮುಗ್ಗರಿಸಿ, ಬಾವಿಗೆ ಇಳಿದ.

ಒಳಗೆ ಒದ್ದೆ ಕಲ್ಲಿನ ವಾಸನೆ. ಹಲಗೆಯ ಸಂದಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಒಂದು ಸಲ ಬಂದು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು, ಯಾರೋ ಕೆಳಗೆ ಮಲಗಿ ಉಸಿರಾಡುವ ಹಾಗೆ. ಬೆನ್ನ ಮೇಲೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಕಾಲು ಚಾಚಲು ಜಾಗವಿಲ್ಲ. ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಯಿತು. ಬಾವಿಯಕ್ಕ ಇದಕ್ಕೇನು ಮಾಡುತ್ತಿದ್ದಳು? ಅದಕ್ಕೂ ಬಿಡುವು ಬೇಕು ಅಂತ ಅವಳು ಕೇಳಿದ್ದಳು. ತಾನು ಏನು ಹೇಳಿದ್ದೆ ಅನ್ನುವುದೂ ಅವನಿಗೆ ನೆನಪಾಯಿತು.

ಗಾಡಿ ಬಂತು. ಅವನು ಎದ್ದ. ಮಂಡಿ ಲಟಕ್ಕೆಂದಿತು. “ಹೀ...!” ಅಂತ ಕಿರುಚಿದ. ಮುಂದಿನ ಸೀಟಿನವನು, “ಏ ಬಾವಿ ರಾಣಿ!” ಅಂತ ಕೆನ್ನೆ ಹಿಂಡಿದ. ಹಿಂದಿನವನು ವಿಗ್ ಜಗ್ಗಿದ. ಇನ್ನೊಬ್ಬ ಕಡಲೆ ಸಿಪ್ಪೆ ಎಸೆದ. ಗಾಡಿ ನಗುತ್ತಾ ಹೋಯಿತು. ನೋಡೋಣ ಕೆನ್ನೆ ಸವರಿಕೊಳ್ಳುತ್ತಾ ಕುಸಿದು ಕೂತ. ಅವಮಾನದಿಂದ ಕಣ್ಣಲ್ಲಿ ನೀರೇ ಬಂತು.

“ಕಿರುಚಬೇಡಿ ಸಾರ್,” ಅಂತ ಪಕ್ಕದಿಂದ ಒಂದು ದನಿ ಹೇಳಿತು. “ಕಿರುಚಿದ್ರೆ ನಗ್ತಾರೆ.”

ಹೆಂಗಸಿನ ದನಿ. ಮಲಗಿದ ಮಗು ಏಳದಿರಲಿ ಅಂತ ಪಿಸುಗುಟ್ಟುವ ಹಾಗಿತ್ತು.

“ಯಾರದು?”

“ನಾನೇ. ಅಕ್ಕ ಊಟಕ್ಕೆ ಹೋದಾಗ ನಾನೇ ಅಲ್ವಾ ನೋಡ್ಕೊಳ್ಳೋದು.”

ಬಾವಿಯಕ್ಕ ಹೇಳದೆ ಕೇಳದೆ ಬದಲಿಗೆ ಒಬ್ಬಳನ್ನು ಇಟ್ಟುಕೊಂಡಿದ್ದಾಳೆ! ನೋಡೋಣನಿಗೆ ಮೊದಲು ಸಿಟ್ಟು ಬಂತು; ಮರುಕ್ಷಣವೇ ಖುಷಿಯಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯಲ್ಲ, ದೋಣಿಯೇ ಸಿಕ್ಕಿತ್ತು. “ನಿನಗೆ ಅವಳು ಸಂಬಳ ಎಷ್ಟು ಕೊಡ್ತಾಳಮ್ಮ?”

“ಸಂಬಳ ಅಂದ್ರೆ?”

ಕತ್ತಲಲ್ಲೇ ಅವನ ಮುಖ ಅರಳಿತು. ಇಂಥ ಕೆಲಸದವಳು ಹತ್ತು ಬಂಗಲೆಗೆ ಹತ್ತು ಜನ ಸಿಕ್ಕಿದರೆ! “ಅದೇನಿಲ್ಲ ಬಿಡು,” ಅಂದ. “ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?”

“ಹಗಲು ಕಾಣದ ಜಾಗ ಸಾರ್. ದಿನ ಎಣಿಸೋದು ಹೇಗೆ?”

ಮತ್ತೆ ಗಾಡಿಯ ಕಿರುಗುಟ್ಟು. “ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ,” ಅಂತ ಅವಳು ಎದ್ದಳು. ಹಲಗೆ ಸದ್ದು ಮಾಡಲಿಲ್ಲ. ಅವಳ ಕೂದಲಿನ ನೀರು ಅವನ ಮುಖದ ಮೇಲೆ ಬಿತ್ತು; ಮಂಜುಗಡ್ಡೆಯ ಹಾಗಿತ್ತು. ಅವಳು ಕಿರುಚಲಿಲ್ಲ, ಕೈ ಚಾಚಲಿಲ್ಲ. ಗಾಡಿಯಲ್ಲಿದ್ದ ನಾಲ್ವರನ್ನು ಒಬ್ಬೊಬ್ಬರಾಗಿ ನೋಡಿ, ಪರಿಚಯದವರನ್ನು ಕೇಳುವ ಹಾಗೆ ಕೇಳಿದಳು: “ನಿಮ್ಮ ಜತೆ ಕೂತಿದ್ದ ಐದನೆಯವರು ಎಲ್ಲಿ ಇಳಿದ್ರು?”

ಗಾಡಿಯಿಂದ ಒಂದು ಸದ್ದೂ ಬರಲಿಲ್ಲ. ಅದು ಹೊರಬಾಗಿಲು ದಾಟಿದ ಮೇಲೆ ನಾಲ್ಕೂ ಕಂಠ ಒಟ್ಟಿಗೇ ಚೀರಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೊಡಲಿಯಣ್ಣ ಏದುಸಿರು ಬಿಡುತ್ತಾ ಬಾವಿಗೆ ಬಗ್ಗಿ, “ಸಾರ್, ಏನು ಮಾಡಿದ್ರಿ? ಹೊರಗೆ ಕ್ಯೂ ನಿಂತಿದೆ!” ಅಂದ. ಆಮೇಲೆ, “ಮೂರು ಕೆಲಸಕ್ಕೆ ಒಂದೇ ಸಂಬಳವಾ ಸಾರ್?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಓಡಿದ.

ನೋಡೋಣ ನಿರಾಳವಾದ. ಎರಡು ಮೂರು ಸುತ್ತು ಅವಳೇ ಎದ್ದಳು. ಇವನು ಗೋಡೆಗೆ ಒರಗಿ ಕೂತ.

“ಸಾರ್, ಅವರೆಲ್ಲ ಹೊರಗೆ ಯಾಕೆ ಕೂತಿದ್ದಾರೆ?” ಅವಳು ಕೇಳಿದಳು.

“ದುರಾಸೆ ಕಣಮ್ಮ. ಗಂಡಸಿಗೆ ಕೊಟ್ಟಷ್ಟೇ ಕೊಡಬೇಕಂತೆ. ಊಟಕ್ಕೆ ಬಿಡುವು ಬೇಕಂತೆ. ಮೇಲೆ ರಜೆ ಬೇರೆ.”

“ರಜೆ ಅಂದ್ರೆ?”

“ಅಂದ್ರೆ... ಒಂದಷ್ಟು ದಿನ ಕೆಲಸಕ್ಕೆ ಬರೋದು ಬೇಡ. ಎಲ್ಲಿ ಬೇಕಾದ್ರೂ ಹೋಗಬಹುದು.”

ನೀರು ತೊಟ್ಟಿಕ್ಕುವುದು ನಿಂತಿತು.

“ಮೇಲಕ್ಕೆ ಹೋಗಬಹುದಾ?”

“ಹಕ್ಕು ಇರೋರು ಹೋಗಬಹುದು.”

“ಹಕ್ಕು ಯಾರಿಗಿರುತ್ತೆ ಸಾರ್?”

“ಕೆಲಸ ಮಾಡೋರಿಗೆಲ್ಲ,” ಅಂದುಬಿಟ್ಟ ನೋಡೋಣ. ಅಂದಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಆದರೆ ಮಾತು ಆಗಲೇ ಆಡಿಯಾಗಿತ್ತು.

“ಏನಮ್ಮಾ?” ಅಂತ ಪಕ್ಕಕ್ಕೆ ಕೈ ಚಾಚಿದ. ಬೆರಳಿಗೆ ಒದ್ದೆ ಕಲ್ಲು ತಾಗಿತು. ಫೋನಿನ ದೀಪ ಹಚ್ಚಿ ನೋಡಿದ. ಹಲಗೆ ಇದ್ದದ್ದು ಒಬ್ಬರು ಕೂರುವಷ್ಟೇ. ಅವನೇ ಇಡೀ ಹಲಗೆಯ ಮೇಲೆ ಕೂತಿದ್ದ. ಪಕ್ಕದಲ್ಲಿ, ಅವಳು ಇಷ್ಟು ಹೊತ್ತು ಕೂತು ಮಾತಾಡಿದ ಕಡೆ, ಹಲಗೆಯೇ ಇರಲಿಲ್ಲ. ಬರೀ ಕಪ್ಪು ಆಳ.

ನೋಡೋಣ ಬಾವಿಯಿಂದ ಹೇಗೆ ಮೇಲೆ ಬಂದ ಅನ್ನುವುದು ಅವನಿಗೇ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲಿನಲ್ಲಿ, ಗೇಟಿನ ಹತ್ತಿರ ನಿಂತಿದ್ದ. ಉಸಿರು ಹಿಡಿದು ಸಾಲು ನೋಡಿದ. ಬಾವಿಯಕ್ಕ. ಕಿಟಕಿ. ತೊಟ್ಟಿಲಜ್ಜಿ. ಹೆಂಡತಿ. ಹೆಂಡತಿಯ ಪಕ್ಕದಲ್ಲಿ ಇನ್ನೊಬ್ಬಳು. ಮುಖ ಮುಚ್ಚುವಷ್ಟು ಕೂದಲು. ಸೌತೆಕಾಯಿಯ ಹೋಳನ್ನು ಏನು ಮಾಡಬೇಕು ಅಂತ ತಿಳಿಯದವಳ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಉರಿಬಿಸಿಲಲ್ಲೂ ಅವಳ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲ ಮಾತ್ರ ಒಣಗಿಯೇ ಇತ್ತು.

ಅವನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರ ಕಾರು, ಅದರ ಬೆನ್ನಿಗೇ ಇನ್ನೊಂದು ಕಾರು ಬಂದು ನಿಂತವು.

ಎರಡನೇ ಕಾರಿನಿಂದ ದಪ್ಪ ಮೀಸೆಯ, ಗತ್ತಿನ ಗಂಡಸೊಬ್ಬ ಇಳಿದ. ಹಿಂದಿನಿಂದ ಕನ್ನಡಕದ ಹೆಂಗಸೊಬ್ಬಳು. ಯಜಮಾನರು ಮೀಸೆಯವನ ಕೈ ಹಿಡಿದು, “ಬನ್ನಿ ಬನ್ನಿ, ನಿಮ್ಮಂಥ ದೊಡ್ಡವರು ಬಂದಿದ್ದು ನಮ್ಮ ಪುಣ್ಯ,” ಅಂತ ಹಲ್ಲು ಕಿರಿದರು.

“ಅಮ್ಮ ಅವರನ್ನ ಕೇಳಿ,” ಅಂದ ಮೀಸೆಯವನು. “ನಾನು ಅವರ ಡ್ರೈವರ್ರು. ನಿಮ್ಮ ಕಾರಿನ ಹಾರ್ನ್ ಸರಿಯಿಲ್ಲ.”

ಯಜಮಾನರು ಆ ಹಲ್ಲುಗಳನ್ನು ಹಾಗೇ ಹಿಡಿದುಕೊಂಡು ಕನ್ನಡಕದವರ ಕಡೆ ತಿರುಗಿದರು. ಅಷ್ಟರಲ್ಲಿ ಆಕೆ ದೆವ್ವಗಳ ಸಾಲಿನ ಮುಂದೆ ನಿಂತಾಗಿತ್ತು.

“ಇವರು ಯಾಕೆ ಬಿಸಿಲಲ್ಲಿ ಕೂತಿದ್ದಾರೆ?”

“ಜಾಹೀರಾತು ಮೇಡಂ,” ಅಂದರು ಯಜಮಾನರು.

“ಸಂಬಳ ಮೇಡಂ,” ಅಂದಳು ಬಾವಿಯಕ್ಕ. ಎದ್ದು ನಿಂತು, ಒಂದೂ ಬಿಡದೆ ಎಲ್ಲ ಹೇಳಿದಳು. ಕನ್ನಡಕದವರು ಮಧ್ಯೆ ಒಂದು ಮಾತೂ ಆಡದೆ ಕೇಳಿ, “ಜಗಳ ಇರೋ ವ್ಯಾಪಾರಕ್ಕೆ ನಾನು ಕೈ ಹಾಕಲ್ಲ. ಇದನ್ನ ಮೊದಲು ಬಗೆಹರಿಸಿ,” ಅಂದರು.

ಯಜಮಾನರ ತಲೆ ಚುರುಕಾಗಿ ಓಡಿತು. “ಸಮಾನ ಸಂಬಳ ತಾನೇ? ಈಗಲೇ ಮಾಡ್ತೀನಿ. ಕೊಡಲಿಯವನಿಗೂ ಇವತ್ತಿಂದ ಹನ್ನೊಂದು.”

ಟಿಕೆಟ್ ಹರಿಯುತ್ತಿದ್ದ ಕೊಡಲಿಯಣ್ಣ ಕೊಡಲಿಯನ್ನು ಎಸೆದು, ಓಡಿಬಂದು, ಬಿಸಿಲು ಬಣ್ಣ ಯಾವುದನ್ನೂ ಲೆಕ್ಕಿಸದೆ ತೊಟ್ಟಿಲಜ್ಜಿಯ ಪಕ್ಕ ಕೂತ. “ಅಕ್ಕ ಹೇಳೋದು ನ್ಯಾಯ!” ಅಂತ ಕೂಗಿದ.

ಯಜಮಾನರು ಕನ್ನಡಕದವರ ಮುಖ ನೋಡಿದರು. ಅಲ್ಲಿ ಕರುಣೆಯ ಸುಳಿವಿರಲಿಲ್ಲ. “ಸರಿ, ಎಲ್ಲರಿಗೂ ಹದಿನೆಂಟು,” ಅಂದರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ. “ಟಿಕೆಟಮ್ಮನಿಗೂ ಅಷ್ಟೇ. ಊಟಕ್ಕೆ ಬಿಡುವು, ಬೆಂಚು, ರಜೆ, ಎಲ್ಲ ಕೊಟ್ಟೆ. ಆಯ್ತಾ?” ಆಮೇಲೆ ಕೊನೆಯವಳ ಕಡೆ ಬೆರಳು ತೋರಿಸಿ ಕೇಳಿದರು: “ಇವಳು ಯಾರು? ನಾನು ನೋಡಿದ ಹಾಗಿಲ್ಲವಲ್ಲ.”

ನೋಡೋಣ ಇದನ್ನೇ ಕಾಯುತ್ತಿದ್ದ. ಅವನು ಯಜಮಾನರ ತೋಳು ಹಿಡಿದುಕೊಂಡು ಹೇಳಿದ: “ಸಾರ್, ಇವಳನ್ನ ಲೆಕ್ಕಕ್ಕೆ ತಗೋಬೇಡಿ ಸಾರ್! ಇವಳು... ಇವಳು ಮನುಷ್ಯಳೇ ಅಲ್ಲ!”

ಕನ್ನಡಕದವರು ಕನ್ನಡಕ ತೆಗೆದರು. “ಏನಂದ್ರಿ? ದುಡಿಯೋ ಹೆಂಗಸನ್ನ ಮನುಷ್ಯಳೇ ಅಲ್ಲ ಅಂತೀರಾ?”

“ಅಯ್ಯೋ, ಹಾಗಲ್ಲ ಮೇಡಂ, ನಾನು ಹೇಳಿದ್ದು ನಿಜವಾಗ್ಲೂ...”

“ಇಷ್ಟು ವರ್ಷ ಸಂಸಾರ ಮಾಡಿದ್ರೂ ನಿಮ್ಮ ಒಳಗೆ ಇಂಥ ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ ರೀ,” ಅಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

“ನಮಗೆ ಊಟಕ್ಕೆ ಬಿಡುವು ಕೊಟ್ಟಿರಲಿಲ್ಲ ನೀವು,” ಅಂದಳು ಬಾವಿಯಕ್ಕ. “ಆದ್ರೂ ನಾನು ದಿನಾ ಊಟ ಮಾಡ್ತಿದ್ದೆ. ಹೇಗೆ ಅಂತ ಯಾವತ್ತಾದ್ರೂ ಕೇಳಿದ್ರಾ? ಇವಳಿದ್ದಳು. ನಾನು ಹಲಗೆಯಿಂದ ಎದ್ದ ತಕ್ಷಣ ಇವಳು ಬರ್ತಿದ್ಲು.”

“ಎಲ್ಲಿಂದ ಬರ್ತಿದ್ಲು ಅಂತ ನೀನಾದ್ರೂ ಕೇಳಿದ್ಯಾ?” ನೋಡೋಣ ಕಿರುಚಿದ. “ಯಾರಿವಳು?”

“ಯಾರಾದ್ರೆ ನಮಗೇನು ಸಾರ್? ಕೆಲಸ ಮಾಡ್ತಾಳೆ.”

ಆ ಮಾತಿಗೆ ಡ್ರೈವರ್ ಕೂಡ ತಲೆದೂಗಿದ. ಯಜಮಾನರು ಬೆವರು ಒರೆಸಿಕೊಂಡು, ಆದಷ್ಟು ಮೆತ್ತನೆಯ ದನಿಯಲ್ಲಿ, “ನಿನಗೆ ಎಷ್ಟು ಸಂಬಳ ಬೇಕಮ್ಮಾ?” ಅಂತ ಕೇಳಿದರು.

ಕೂದಲ ಹಿಂದಿನಿಂದ ಆ ಪಿಸುದನಿ ಬಂತು: “ಸಂಬಳ ಬೇಡ. ರಜೆ ಸಾಕು.”

ಯಜಮಾನರಿಗೆ ಆದ ಸಂತೋಷ ಹೇಳತೀರದು. ಇಡೀ ದಿನದಲ್ಲಿ ಮೊದಲ ಸಲ ಅವರಿಗೆ ದುಡ್ಡು ಉಳಿದಿತ್ತು. “ತಗೋ ತಾಯಿ! ಈ ಬಾವಿಗೆ ಬಂದಾಗಿಂದ ಒಂದು ದಿನವೂ ರಜೆ ತಗೊಂಡಿಲ್ಲ ತಾನೇ? ವರ್ಷಕ್ಕೆ ಒಂದು ತಿಂಗಳ ಲೆಕ್ಕ ಹಾಕು. ಬಂದಾಗಿಂದ ಎಷ್ಟಾಗುತ್ತೋ ಅಷ್ಟನ್ನೂ ಒಟ್ಟಿಗೇ ತಗೋ. ಮೇಡಂ ಎದುರಿಗೆ ಮಾತು ಕೊಟ್ಟಿದ್ದೀನಿ.” ಆಮೇಲೆ ನಿಲುವಂಗಿಯಲ್ಲಿ ನಿಂತಿದ್ದ ನೋಡೋಣನ ಕಡೆ ತಿರುಗಿದರು. “ಅಲ್ಲಿವರೆಗೆ ಬಾವಿಗೆ ಇವನಿರ್ತಾನೆ. ವೇಷವೂ ಒಪ್ಪಿದೆ. ಇನ್ಮೇಲೆ ಬಾವಿಯಕ್ಕನೇ ಮೇಲ್ವಿಚಾರಕಿ.”

“ಸಾರ್, ಆ ಹತ್ತು ಬಂಗಲೆ...”

“ಮೊದಲು ಈ ಒಂದು ಬಾವಿ ನೋಡ್ಕೋ.”

ಅವಳು ಎದ್ದಳು. ಸೌತೆಕಾಯಿಯ ಹೋಳನ್ನು ಜೋಪಾನವಾಗಿ ಅಜ್ಜಿಯ ಮಡಿಲಲ್ಲಿಟ್ಟು, ಗೇಟಿನ ಕಡೆ ನಡೆದಳು. ನೋಡೋಣ ಹಿಂದೆಯೇ ಓಡಿದ. ಹತ್ತಿರ ಹೋಗುವ ಧೈರ್ಯವಿಲ್ಲದೆ ದೂರದಿಂದಲೇ ಕೂಗಿದ: “ಅಮ್ಮಾ! ವಾಪಸ್ ಬರೋದು ಯಾವಾಗ?”

ಅವಳು ನಿಂತು ರಸ್ತೆಯ ಕಡೆ, ಸಾಲು ಮನೆಗಳ ಕಡೆ, ಆಕಾಶದ ಕಡೆ ನೋಡಿದಳು.

“ಲೆಕ್ಕ ನನಗೆ ಬರಲ್ಲ ಸಾರ್. ನಾನು ಬಂದಾಗ ಈ ಊರಿರಲಿಲ್ಲ. ಒಂದು ಕಾಲುದಾರಿ ಇತ್ತು, ದೂರದಲ್ಲಿ ತೋಳ ಕೂಗ್ತಿತ್ತು.” ಅವಳು ಅಂಗೈಯಿಂದ ಕಣ್ಣಿಗೆ ಬಿಸಿಲು ಮರೆ ಮಾಡಿಕೊಂಡಳು. “ಎಷ್ಟು ಬೆಳಕು,” ಅಂದಳು. ಆಮೇಲೆ ತಿರುಗಿ ನೋಡದೆ ಹೊರಟುಹೋದಳು.

ಕನ್ನಡಕದವರು ಗಾಡಿಯಲ್ಲಿ ಒಂದು ಸುತ್ತು ಹೋಗಿಬಂದರು. ಬಾವಿಯಿಂದ ಎದ್ದ ಆಕೃತಿ ಕಿರುಚಲಿಲ್ಲ. ಹಲ್ಲು ಕಟಕಟ ಅನ್ನಿಸುತ್ತಾ, ಕಣ್ಣು ಮೇಲೆ ಮಾಡಿಕೊಂಡು, “ನನ್ನನ್ನ ಇಲ್ಲಿಂದ ಎತ್ತಿ,” ಅಂತ ಬೇಡಿಕೊಂಡಿತು. “ಇಂಥ ನಟನೆ ನಾನೆಲ್ಲೂ ನೋಡಿಲ್ಲ,” ಅಂತ ಆಕೆ ಹೊಗಳಿ ಅಲ್ಲೇ ವ್ಯವಹಾರ ಕುದುರಿಸಿದರು. ಹತ್ತು ಬಂಗಲೆಯ ದೆವ್ವಗಳಿಗೆ ಕೆಲಸ ಕಲಿಸುವ ಹೊಣೆ ಬಾವಿಯಕ್ಕನಿಗೆ ಬಿತ್ತು. ಟಿಕೆಟ್ ಕಿಟಕಿ ಮತ್ತೆ ತೆರೆಯಿತು, ಈ ಸಲ ಸಂಬಳದ ಮೇಲೆ.

ಸಂಜೆಯ ಕಡೆಯ ಗಾಡಿಯೂ ಹೋಯಿತು. ಹಳಿಯ ಸದ್ದು ದೂರವಾಗಿ ಅಡಗಿತು. ನೋಡೋಣ ಕತ್ತಲಲ್ಲಿ ಮಂಡಿ ನೀವಿಕೊಳ್ಳುತ್ತಾ ತನಗೆ ತಾನೇ ಧೈರ್ಯ ಹೇಳಿಕೊಂಡ: ಸಂಬಳ ಇದೆ. ಊಟಕ್ಕೆ ಬಿಡುವಿದೆ. ಇನ್ನು ಹೆದರುವುದಕ್ಕೆ ಏನಿದೆ? ಇದ್ದವಳೊಬ್ಬಳು, ಅವಳೂ ರಜೆ ಮೇಲೆ ಹೋದಳು. ಈಗ ಬಾವಿಯಲ್ಲಿ ತಾನೊಬ್ಬನೇ.

ಆಗ ಹಲಗೆಯ ಕೆಳಗೆ, ಬಹಳ ಆಳದಲ್ಲಿ, ಯಾರೋ ಗಂಟಲು ಸರಿಮಾಡಿಕೊಂಡರು. ಪಾತ್ರೆಗಳು ಕಲ್ಲಿಗೆ ತಾಗಿ ಸದ್ದಾಯಿತು. ಸಂದಿಯಿಂದ ಒಂದು ತಣ್ಣನೆ ಕೈ ಮೇಲೆ ಬಂದು ಅವನ ನಿಲುವಂಗಿಯ ಅಂಚನ್ನು ಹಿಡಿದು ಜಗ್ಗಿತು.

“ಏನು ಸೊಸೆ, ಮೇಲಿನ ಕೆಲಸ ಮುಗೀತಲ್ಲ? ಬೇಗ ಇಳಿದು ಬಾ,” ಅಂದಿತು ಮುದುಕಿಯೊಬ್ಬಳ ದನಿ. “ಒಲೆ ಇನ್ನೂ ಹಚ್ಚಿಲ್ಲ. ನಿನ್ನ ಗಂಡ, ಮಾವ, ಮೈದುನಂದಿರು, ಎಲ್ಲರೂ ಹಸಿದು ಕೂತಿದ್ದಾರೆ.”